ಡಾಕ್ಟರ್ ಬರೆದ ಮಾತ್ರೆಯೇ ತೊಂದರೆ ಕೊಟ್ಟರೆ ಯಾರನ್ನು ಕೇಳಬೇಕು?

ಬೆಂಗಳೂರಿನ ಹನುಮಂತನಗರದಲ್ಲಿರುವ ನಮ್ಮ ದೊಡ್ಡಪ್ಪನಿಗೆ ಶುಗರ್ ಬಂದು ಇಪ್ಪತ್ತು ವರ್ಷ ದಾಟಿದೆ. ಹೋದ ಮಳೆಗಾಲದಲ್ಲಿ ಅವರ ಪಾದ ಊದಿಕೊಳ್ಳತೊಡಗಿತು. ಮೊದಲು ಸಂಜೆ ಹೊತ್ತು ಮಾತ್ರ, ಆಮೇಲೆ ಬೆಳಗ್ಗೆ ಎದ್ದಾಗಲೂ. ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು, ಬೇಗ ಮೇಲೇಳುತ್ತಿರಲಿಲ್ಲ. ಚಪ್ಪಲಿಯೊಳಗೆ ಕಾಲು ಹೋಗುತ್ತಿರಲಿಲ್ಲ. "ವಯಸ್ಸಾಯ್ತು ಕಣಮ್ಮ, ಇದೆಲ್ಲಾ ಇದ್ದಿದ್ದೇ" ಎಂದು ಅವರೇ ಸಮಾಧಾನ ಮಾಡಿಕೊಂಡಿದ್ದರು.

ಮಹಡಿ ಮೆಟ್ಟಿಲು ಹತ್ತುವಾಗ ಏದುಸಿರು ಬರಲು ಶುರುವಾದ ಮೇಲೆ ಬೇರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಮಾತ್ರೆ ಡಬ್ಬ ತೆಗೆಸಿ, ಒಂದೊಂದೇ ಸ್ಟ್ರಿಪ್ ತಿರುಗಿಸಿ ನೋಡಿದರು. ಒಂದು ಶುಗರ್ ಮಾತ್ರೆಯ ಹಿಂದೆ ಸಣ್ಣ ಅಕ್ಷರದಲ್ಲಿ ಮೂರು ಔಷಧಿಗಳ ಹೆಸರಿತ್ತು. ಮೂರನೆಯದು ಪಿಯೋಗ್ಲಿಟಾಜೋನ್. ಅದು ಕೆಲವರ ಮೈಯಲ್ಲಿ ನೀರು ತುಂಬಿಸುತ್ತದೆ, ಹೃದಯಕ್ಕೆ ಹೊರೆಯಾಗುತ್ತದೆ ಎಂದು ಹೇಳಿ ಮಾತ್ರೆ ಬದಲಾಯಿಸಿಕೊಟ್ಟರು. ಕೆಲವೇ ವಾರಗಳಲ್ಲಿ ಊತ ಇಳಿಯಿತು.

ಊತ ಇಳಿದ ಮೇಲೆ ದೊಡ್ಡಪ್ಪನಿಗೆ ಸಿಟ್ಟು ಬಂತು. "ಅಲ್ಲ ಕಣಮ್ಮ, ಹಿಂಗಾಗುತ್ತೆ ಅಂತ ಕಂಪನಿಯವರಿಗೆ ಗೊತ್ತಿರಲಿಲ್ವಾ? ಗೊತ್ತಿದ್ರೆ ನಂಗ್ಯಾಕೆ ಯಾರೂ ಹೇಳಲಿಲ್ಲ? ಇದಕ್ಕೆ ಕೇಸ್ ಹಾಕಕ್ಕಾಗಲ್ವಾ?"

ನ್ಯಾಯವಾದ ಪ್ರಶ್ನೆ ಅಲ್ವಾ? ಉತ್ತರ ಹುಡುಕುತ್ತಾ ಹೋದ ಹಾಗೆ ನನಗೆ ಗೊತ್ತಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅದಕ್ಕೂ ಮುಂಚೆ ಒಂದು ಮಾತು. ಈ ಮಾತ್ರೆಯಿಂದ ಸಕ್ಕರೆ ಹತೋಟಿಗೆ ಬಂದವರು ಎಷ್ಟೋ ಜನ ಇದ್ದಾರೆ. ಇದನ್ನು ಓದಿ ಯಾರೂ ಸುಮ್ನೆ ಮಾತ್ರೆ ನಿಲ್ಲಿಸಬೇಡಿ. ಅನುಮಾನ ಇದ್ದರೆ ಡಾಕ್ಟರನ್ನೇ ಕೇಳಿ.

ದೊಡ್ಡಪ್ಪನ ಮೊದಲ ಪ್ರಶ್ನೆಗೆ ಉತ್ತರ, ಹೌದು, ಕಂಪನಿಗಳಿಗೆ ಗೊತ್ತಿತ್ತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲೇ ಈ ಔಷಧಿಯ ಮೇಲೆ ಹೃದಯ ವೈಫಲ್ಯದ ಬಗ್ಗೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಕಪ್ಪು ಗೆರೆಯ ಚೌಕಟ್ಟಿನೊಳಗೆ ಬರುವ ಎಚ್ಚರಿಕೆ ಅದು.

ಹಾಗಾದರೆ ಕೇಸ್ ಗೆದ್ದ ಹಾಗೇ ಎಂದು ಅನ್ನಿಸುತ್ತದೆ. ಆದರೆ ಕಾನೂನು ನೋಡುವ ರೀತಿ ಬೇರೆ. ಅಡ್ಡಪರಿಣಾಮ ಆಯಿತು ಅಂದ ಮಾತ್ರಕ್ಕೆ ಯಾರದೋ ತಪ್ಪು ಎಂದು ಕೋರ್ಟು ತೀರ್ಮಾನಿಸುವುದಿಲ್ಲ. ಕೆಲಸ ಮಾಡುವ ಯಾವ ಔಷಧಿಯೂ ಒಂದಿಷ್ಟು ತೊಂದರೆಯನ್ನು ಜೊತೆಗೆ ತಂದೇ ತರುತ್ತದೆ. ಕೋರ್ಟು ಕೇಳುವುದು ಬೇರೆ ಪ್ರಶ್ನೆ: ಈ ತೊಂದರೆ ಗೊತ್ತಿತ್ತೇ, ಗೊತ್ತಿದ್ದರೆ ಹೇಳಿದಿರೇ, ಯಾರಿಗೆ ಹೇಳಿದಿರಿ?

ಔಷಧಿಯಲ್ಲೇ ದೋಷ ಇರುವುದು ಬೇರೆ ವಿಷಯ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ ಡ್ರಿಪ್ ಹಾಕಿದ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂದಿದ್ದು ನೆನಪಿರಬಹುದು. ಅದು ತಯಾರಿಕೆಯ ದೋಷದ ಪ್ರಶ್ನೆ. ಅಲ್ಲಿ ಬಾಟಲಿಯನ್ನು ಲ್ಯಾಬಿಗೆ ಕಳಿಸಿದರೆ ಸತ್ಯ ಗೊತ್ತಾಗುತ್ತದೆ. ದೊಡ್ಡಪ್ಪನ ಮಾತ್ರೆಯನ್ನು ಲ್ಯಾಬಿಗೆ ಕಳಿಸಿದರೆ ಅದು ಒಳ್ಳೆಯ ಮಾತ್ರೆ ಎಂದೇ ವರದಿ ಬರುತ್ತಿತ್ತು. ಅವರ ವಿಷಯದಲ್ಲಿ ದೋಷ ಮಾತ್ರೆಯಲ್ಲಿಲ್ಲ. ಹೇಳಬೇಕಾದ ಮಾತು ಅವರವರೆಗೆ ಬರಲಿಲ್ಲ, ಅಷ್ಟೇ. ಜಗತ್ತಿನ ದೊಡ್ಡ ದೊಡ್ಡ ಔಷಧಿ ಕೇಸುಗಳಲ್ಲಿ ಬಹುಪಾಲು ಇದೇ ಥರದವು.

ಅವುಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದಿದ್ದು ಡಯಾನಾ ಲೆವಿನ್ ಅವರ ಕೇಸು. ಅಮೆರಿಕದ ವರ್ಮಾಂಟ್ ರಾಜ್ಯದ ಸಂಗೀತಗಾರ್ತಿ. 2000ನೇ ಇಸವಿಯಲ್ಲಿ ಮೈಗ್ರೇನ್ ತಲೆನೋವು, ವಾಕರಿಕೆ ಎಂದು ಕ್ಲಿನಿಕ್ಕಿಗೆ ಹೋದರು. ಅಲ್ಲಿ ಫೆನರ್ಗಾನ್ ಇಂಜೆಕ್ಷನ್ ಕೊಟ್ಟರು. ನಮ್ಮಲ್ಲೂ ಅಲರ್ಜಿಗೆ, ವಾಂತಿಗೆ ಕೊಡುವ ಹಳೆಯ ಔಷಧಿಯೇ ಅದು. ಡ್ರಿಪ್ ಮೂಲಕ ನಿಧಾನವಾಗಿ ಬಿಡುವ ಬದಲು ಸಿರಿಂಜಿನಿಂದ ನೇರವಾಗಿ ತೋಳಿಗೆ ಚುಚ್ಚಿದರು. ಔಷಧಿ ಅಪಧಮನಿಗೆ ಸೇರಿತು. ಗ್ಯಾಂಗ್ರೀನ್ ಆಯಿತು. ಮೊದಲು ಕೈ, ಆಮೇಲೆ ಮುಂದೋಳು ಕತ್ತರಿಸಬೇಕಾಯಿತು. ವಾದ್ಯ ನುಡಿಸಿ ಬದುಕುವವರ ಕೈ ಅದು.

ಹಾಗೆ ಚುಚ್ಚಿದರೆ ಗ್ಯಾಂಗ್ರೀನ್ ಆಗಬಹುದು ಎಂದು ಔಷಧಿಯ ಜೊತೆ ಕಂಪನಿ ಕೊಡುವ ಮಾಹಿತಿ ಚೀಟಿಯಲ್ಲಿ ಬರೆದೇ ಇತ್ತು. ಆದರೆ "ಹಾಗೆ ಚುಚ್ಚಲೇಬೇಡಿ" ಎಂದು ಬರೆದಿರಲಿಲ್ಲ. "ಎಫ್‌ಡಿಎ ಒಪ್ಪಿದ ಚೀಟಿಯನ್ನೇ ಹಾಕಿದ್ದೇವೆ, ಇನ್ನೇನು ಮಾಡಬೇಕಿತ್ತು?" ಎನ್ನುವುದು ಔಷಧಿ ತಯಾರಿಸಿದ ವೈತ್ ಕಂಪನಿಯ ವಾದ. 2009ರ ಮಾರ್ಚ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು 6-3 ಬಹುಮತದಿಂದ ತಳ್ಳಿಹಾಕಿತು. ಸರ್ಕಾರದ ಒಪ್ಪಿಗೆ ಸಿಕ್ಕಿತು ಅಂದರೆ ಕಂಪನಿಯ ಹೊಣೆ ಮುಗಿಯಿತು ಅಂತಲ್ಲ. ಅಪಾಯ ಗೊತ್ತಾದಾಗಲೆಲ್ಲ ಎಚ್ಚರಿಕೆಯನ್ನು ಬಲಪಡಿಸುವುದು ಕಂಪನಿಯದೇ ಕೆಲಸ ಎಂದಿತು. ಸುಮಾರು 67 ಲಕ್ಷ ಡಾಲರ್ ಪರಿಹಾರ ಉಳಿಯಿತು.

ಎರಡೇ ವರ್ಷದಲ್ಲಿ ಅದೇ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿತು. ಗ್ಲಾಡಿಸ್ ಮೆನ್ಸಿಂಗ್ ಎಂಬ ಮಹಿಳೆ ಹೊಟ್ಟೆಯ ತೊಂದರೆಗೆ ಮೆಟೊಕ್ಲೋಪ್ರಮೈಡ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡಿದ್ದರು. ಅವರಿಗೆ ಮುಖ, ನಾಲಿಗೆ ತಾನಾಗಿಯೇ ಅಲುಗಾಡುವ, ವಾಸಿಯಾಗದ ನರದ ಕಾಯಿಲೆ ಬಂತು. ಆದರೆ ಅವರು ತೆಗೆದುಕೊಂಡಿದ್ದು ಜೆನೆರಿಕ್ ಮಾತ್ರೆ, ಅಂದರೆ ಮೂಲ ಬ್ರ್ಯಾಂಡಿನ ಔಷಧಿಯನ್ನೇ ಬೇರೆ ಕಂಪನಿ ತಯಾರಿಸಿದ್ದು. ಅಮೆರಿಕದ ಕಾನೂನಿನ ಪ್ರಕಾರ ಜೆನೆರಿಕ್ ಕಂಪನಿ ಮೂಲ ಬ್ರ್ಯಾಂಡಿನ ಚೀಟಿಯನ್ನೇ ಅಕ್ಷರಕ್ಕಕ್ಷರ ಹಾಕಬೇಕು. ಬದಲಾಯಿಸುವ ಹಕ್ಕೇ ಇಲ್ಲದವರನ್ನು ಎಚ್ಚರಿಕೆ ಕೊಡಲಿಲ್ಲ ಎಂದು ದೂರುವಂತಿಲ್ಲ ಎಂದು 2011ರಲ್ಲಿ 5-4ರಿಂದ ತೀರ್ಪಾಯಿತು. ಯಾವ ಕಂಪನಿಯ ಡಬ್ಬ ಕೈಗೆ ಬಂತು ಎನ್ನುವುದರ ಮೇಲೆ ನ್ಯಾಯ ನಿಂತ ಹಾಗಾಯಿತು. ಇದು ಸರಿ ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ.

ಈಗ ದೊಡ್ಡಪ್ಪನ ಮಾತ್ರೆಗೇ ಬರೋಣ. ಅದರ ಮೇಲೆ ಅಮೆರಿಕದಲ್ಲಿ ಸಾವಿರಾರು ಕೇಸುಗಳಾದವು. ಕಾಲು ಊತಕ್ಕಲ್ಲ, ಮೂತ್ರಕೋಶದ ಕ್ಯಾನ್ಸರಿಗೆ. ಕಂಪನಿ ಈ ಅಪಾಯವನ್ನು ಮುಚ್ಚಿಟ್ಟಿತು ಎನ್ನುವುದು ದೂರು. 2014ರಲ್ಲಿ ಲೂಸಿಯಾನಾದ ಜ್ಯೂರಿ, ಅಂದರೆ ತೀರ್ಪು ಹೇಳಲು ಆರಿಸಿದ ಸಾಮಾನ್ಯ ಜನರ ತಂಡ, ಮಾತ್ರೆ ತಯಾರಿಸಿದ ಟಕೆಡಾ ಮತ್ತು ಅದರ ಜೊತೆ ಸೇರಿ ಮಾರಿದ ಎಲಿ ಲಿಲ್ಲಿ ಕಂಪನಿಗಳಿಗೆ ಒಟ್ಟು 900 ಕೋಟಿ ಡಾಲರ್ ದಂಡ ಹಾಕಿತು. ನ್ಯಾಯಾಧೀಶರು ಆಮೇಲೆ ಅದನ್ನು 4 ಕೋಟಿ ಡಾಲರ್‌ಗಿಂತ ಕೆಳಕ್ಕೆ ಇಳಿಸಿದರು. ಪೇಪರಿನಲ್ಲಿ ಮೊದಲ ಸಂಖ್ಯೆ ದಪ್ಪಕ್ಷರದಲ್ಲಿ ಬರುತ್ತದೆ, ಎರಡನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. 2015ರಲ್ಲಿ ಟಕೆಡಾ ತಪ್ಪು ಒಪ್ಪಿಕೊಳ್ಳದೆಯೇ, ಸುಮಾರು 240 ಕೋಟಿ ಡಾಲರ್ ಕೊಟ್ಟು ಸುಮಾರು 9,000 ಜನರ ಕೇಸುಗಳನ್ನು ರಾಜಿಯಲ್ಲಿ ಮುಗಿಸಲು ಮುಂದಾಯಿತು. ಅದಕ್ಕೂ ಮುಂಚೆ, 2007ರಲ್ಲಿ, ವಯೋಕ್ಸ್ ಎಂಬ ನೋವಿನ ಮಾತ್ರೆಯಿಂದ ಹೃದಯಾಘಾತವಾಯಿತು ಎಂಬ ಕೇಸುಗಳಿಗೆ ಮರ್ಕ್ ಕಂಪನಿ 485 ಕೋಟಿ ಡಾಲರ್ ಕೊಡಲು ಒಪ್ಪಿತ್ತು.

ಅಲ್ಲಿ ಇಷ್ಟೊಂದು ಕೇಸು ನಡೆಯುವುದಕ್ಕೆ ಕಾರಣ ಇದೆ. ಸಾವಿರಾರು ಕೇಸುಗಳನ್ನು ಒಬ್ಬ ನ್ಯಾಯಾಧೀಶರ ಮುಂದೆ ಒಟ್ಟುಗೂಡಿಸುತ್ತಾರೆ. ಕಂಪನಿಯ ಒಳಗಿನ ಇಮೇಲ್, ಕಡತಗಳನ್ನು ಹೊರಗೆ ತರಿಸುತ್ತಾರೆ. ಗೆದ್ದರೆ ಮಾತ್ರ ಫೀಸು, ಅದೂ ಪರಿಹಾರದಲ್ಲಿ ಪಾಲು, ಎನ್ನುವ ಲಾಯರುಗಳು ಸಿಗುತ್ತಾರೆ. ನಮ್ಮಲ್ಲಿ ವಕೀಲರು ಹಾಗೆ ಪಾಲಿಗೆ ಕೇಸ್ ನಡೆಸುವಂತಿಲ್ಲ, ಬಾರ್ ಕೌನ್ಸಿಲ್ ನಿಯಮ ಒಪ್ಪುವುದಿಲ್ಲ. ಖರ್ಚೆಲ್ಲ ಕಾಯಿಲೆ ಬಿದ್ದವರ ತಲೆಯ ಮೇಲೆ.

ಇದೇ ಔಷಧಿಗೆ ಭಾರತದಲ್ಲಿ ಏನಾಯಿತು? 2013ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಪಿಯೋಗ್ಲಿಟಾಜೋನ್ ಮಾರಾಟ ನಿಲ್ಲಿಸಿತು. ಡಾಕ್ಟರುಗಳು ವಿರೋಧಿಸಿದರು: ಕಡಿಮೆ ಬೆಲೆಯ, ಕೆಲಸ ಮಾಡುವ ಮಾತ್ರೆ, ಬಡ ರೋಗಿಗಳು ಎಲ್ಲಿಗೆ ಹೋಗಬೇಕು ಎಂದರು. ಜುಲೈ ಕೊನೆಗೆ ನಿಷೇಧ ತೆಗೆದರು. ಆದರೆ ಎಚ್ಚರಿಕೆ ಹಾಕಬೇಕೆಂಬ ಷರತ್ತು ಬಂತು. ಶುಗರ್‌ಗೆ ಮೊದಲ ಔಷಧಿಯಾಗಿ ಇದನ್ನು ಕೊಡಬಾರದು, ಮೂತ್ರಕೋಶದ ಕ್ಯಾನ್ಸರ್ ಇದ್ದವರಿಗೆ ಕೊಡಬಾರದು, ವಯಸ್ಸಾದವರಿಗೆ ಹುಷಾರಾಗಿ ಕೊಡಬೇಕು ಎಂದು. ಈ ಎಚ್ಚರಿಕೆ ಬರೆದಿದ್ದು ಡಾಕ್ಟರುಗಳಿಗೆ.

ಇಡೀ ವಿಷಯದ ಗಂಟು ಇಲ್ಲಿದೆ. ಗುಳಿಗೆ ಡಬ್ಬದೊಳಗೆ ಎಂಟು ಮಡಿಕೆ ಮಡಚಿದ ತೆಳು ಕಾಗದ ಇರುತ್ತದಲ್ಲ, ಅದನ್ನು ಯಾವತ್ತಾದರೂ ಬಿಡಿಸಿ ನೋಡಿದ್ದೀರಾ? ಅಕ್ಕಿಕಾಳಿಗಿಂತ ಸಣ್ಣ ಇಂಗ್ಲಿಷ್ ಅಕ್ಷರ. ಎಷ್ಟೋ ಕಾಗದಗಳ ತಲೆಯ ಮೇಲೆ "ನೋಂದಾಯಿತ ವೈದ್ಯರು, ಆಸ್ಪತ್ರೆ ಅಥವಾ ಪ್ರಯೋಗಾಲಯದ ಬಳಕೆಗೆ ಮಾತ್ರ" ಎಂಬರ್ಥದ ಸಾಲಿರುತ್ತದೆ. ಅಂದರೆ ನುಂಗುವವರಿಗೆ ಬರೆದ ಕಾಗದವೇ ಅಲ್ಲ ಅದು.

ಕಾನೂನೂ ಇದನ್ನು ಒಪ್ಪುತ್ತದೆ. ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮೊದಲ ಸಲ ಉತ್ಪನ್ನ ಹೊಣೆಗಾರಿಕೆ ಎಂಬ ಇಡೀ ಅಧ್ಯಾಯವನ್ನೇ ತಂದಿತು. 2020ರ ಜುಲೈನಿಂದ ಜಾರಿಯಲ್ಲಿದೆ. ಅದರ 84ನೇ ಸೆಕ್ಷನ್ ಪ್ರಕಾರ ತಯಾರಿಕೆಯಲ್ಲಿ ದೋಷ ಇದ್ದರೆ, ವಿನ್ಯಾಸದಲ್ಲಿ ದೋಷ ಇದ್ದರೆ, ಸರಿಯಾದ ಸೂಚನೆ ಎಚ್ಚರಿಕೆ ಕೊಡದಿದ್ದರೆ ತಯಾರಕರೇ ಹೊಣೆ. ಬ್ರ್ಯಾಂಡ್, ಜೆನೆರಿಕ್ ಎಂಬ ಭೇದ ಅದರಲ್ಲಿಲ್ಲ. ಬೇರೆಯವರು ಮಾಡಿದ ವಸ್ತುವಿಗೆ ತನ್ನ ಹೆಸರು ಹಾಕಿ ಮಾರುವವನೂ ತಯಾರಕನೇ. ಹಿಮಾಚಲದ ಯಾವುದೋ ಕಾರ್ಖಾನೆಯಲ್ಲಿ ಮಾಡಿಸಿ, ಮುಂಬೈ ವಿಳಾಸದಲ್ಲಿ ಮಾರುವ ಮಾತ್ರೆಗಳು ನಮ್ಮ ಡಬ್ಬದಲ್ಲಿ ಎಷ್ಟಿಲ್ಲ? ಓದಿದಾಗ ನನಗೆ ತುಂಬಾ ಖುಷಿಯಾಯಿತು.

ಆಮೇಲೆ 87ನೇ ಸೆಕ್ಷನ್ ಓದಿದೆ. ಪರಿಣತರ ಉಸ್ತುವಾರಿಯಲ್ಲೇ ಬಳಸಬೇಕಾದ ವಸ್ತುವಾದರೆ, ಆ ಪರಿಣತರಿಗೆ ಎಚ್ಚರಿಕೆ ಮುಟ್ಟಿಸಲು ತಕ್ಕ ಕ್ರಮ ತೆಗೆದುಕೊಂಡಿದ್ದರೆ, ಎಚ್ಚರಿಕೆ ಕೊಡಲಿಲ್ಲ ಎಂದು ತಯಾರಕರ ಮೇಲೆ ಹೊಣೆ ಹೊರಿಸುವಂತಿಲ್ಲ. ಡಾಕ್ಟರ್ ಚೀಟಿ ಇದ್ದರೆ ಮಾತ್ರ ಕೊಡುವ ಮಾತ್ರೆ ಇದಕ್ಕೆ ಸರಿಯಾಗಿ ಹೊಂದುತ್ತದೆ. ಕಂಪನಿ ಡಾಕ್ಟರಿಗೆ ಹೇಳಿದರೆ ಕಂಪನಿಯ ಕೆಲಸ ಮುಗಿಯಿತು. ನಮಗೆ ಹೇಳುವ ಕೆಲಸ ಡಾಕ್ಟರದು. ಡಾಕ್ಟರಿಗೇ ಹೇಳದೆ ಮುಚ್ಚಿಟ್ಟಿದ್ದರೆ ಮಾತ್ರ ಆ ಗುರಾಣಿ ಮುರಿಯುತ್ತದೆ.

ಆ ಎಚ್ಚರಿಕೆ ಕಂಪನಿಯಿಂದ ಡಾಕ್ಟರಿಗೆ ಬರುತ್ತದೆ. ಡಾಕ್ಟರ ಹೊರಗಿನ ಬೆಂಚಿನಲ್ಲಿ ನಲವತ್ತು ಜನ ಕಾಯುತ್ತಿರುತ್ತಾರೆ. ಚೀಟಿ ಬರೆಯುತ್ತಾರೆ. ಮೆಡಿಕಲ್ ಶಾಪಿನಲ್ಲಿ ನಾವು "ಹತ್ತು ದಿನಕ್ಕೆ ಸಾಕು" ಅನ್ನುತ್ತೇವೆ. ಅವರು ಕತ್ತರಿ ತೆಗೆದು ಹದಿನೈದರ ಸ್ಟ್ರಿಪ್ಪನ್ನು ಕಚಕ್ ಎಂದು ಕತ್ತರಿಸುತ್ತಾರೆ. ಹತ್ತು ಮಾತ್ರೆ ಕಂದು ಕವರಿಗೆ ಬೀಳುತ್ತದೆ. ಡಬ್ಬ, ಮಡಚಿದ ಕಾಗದ, ಬ್ಯಾಚ್ ನಂಬರ್ ಇರುವ ತುದಿ ಎಲ್ಲಾ ಅಂಗಡಿಯಲ್ಲೇ ಉಳಿಯುತ್ತದೆ. ಕತ್ತರಿ ಹಾಕಿದವರ ತಪ್ಪಲ್ಲ ಅದು, ಕೇಳಿದವರು ನಾವೇ.

ಹೀಗಾಗಿ ನಮ್ಮ ದೇಶದಲ್ಲಿ ಔಷಧಿಯಿಂದ ಹಾನಿಯಾದ ಕೇಸು ಸಾಮಾನ್ಯವಾಗಿ ಕಂಪನಿಯ ಬಾಗಿಲಿಗೆ ಹೋಗುವುದಿಲ್ಲ, ಡಾಕ್ಟರ ಬಾಗಿಲಿಗೆ ಹೋಗುತ್ತದೆ. ದುಡ್ಡು ಪಡೆದು ಚಿಕಿತ್ಸೆ ಕೊಡುವ ಡಾಕ್ಟರು, ಆಸ್ಪತ್ರೆ ಗ್ರಾಹಕ ಕಾನೂನಿನೊಳಗೆ ಬರುತ್ತಾರೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಎಲ್ಲರಿಗೂ ಪೂರ್ತಿ ಉಚಿತ ಚಿಕಿತ್ಸೆ ಕೊಡುವ ಕಡೆ ಈ ದಾರಿ ಇಲ್ಲ.

ಇದರಲ್ಲಿ ಎಲ್ಲರೂ ಉದಾಹರಿಸುವುದು ಅನುರಾಧಾ ಸಾಹಾ ಪ್ರಕರಣ. ಅಮೆರಿಕದಲ್ಲಿ ನೆಲೆಸಿದ್ದ ಅವರು 1998ರಲ್ಲಿ ಕೋಲ್ಕತ್ತಕ್ಕೆ ಬಂದಿದ್ದಾಗ ಮೈಮೇಲೆ ದದ್ದು ಎದ್ದಿತು. ಡೆಪೋಮೆಡ್ರಾಲ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ 80 ಮಿಲಿಗ್ರಾಂ, ದಿನಕ್ಕೆ ಎರಡು ಸಲ ಬರೆದರು. ಅದು ಮೈಯಲ್ಲಿ ನಿಧಾನವಾಗಿ ಇಳಿಯುವ ಔಷಧಿ. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಕೊಡುವಂಥದ್ದು. ಚರ್ಮ ಸುಲಿದು ಹೋಗುವ ಭಯಂಕರ ಕಾಯಿಲೆಗೆ ಅವರು ತುತ್ತಾಗಿದ್ದರು. ಮೇ ಕೊನೆಯಲ್ಲಿ ತೀರಿಕೊಂಡರು. ಅವರ ಗಂಡ ಕುನಾಲ್ ಸಾಹಾ ಸ್ವತಃ ಡಾಕ್ಟರು. ಔಷಧಿ ಕಂಪನಿಯೇ ಬರೆದಿದ್ದ ಪ್ರಮಾಣಕ್ಕೂ ಕೊಟ್ಟ ಪ್ರಮಾಣಕ್ಕೂ ಇದ್ದ ಅಂತರ ಕೋರ್ಟಿನಲ್ಲಿ ದೊಡ್ಡ ಸಾಕ್ಷಿಯಾಯಿತು. ಕಂಪನಿಗೆ ಗುರಾಣಿಯಾಗುವ ಅದೇ ಕಾಗದ ಇಲ್ಲಿ ರೋಗಿಯ ಕಡೆಯ ಆಯುಧವಾಯಿತು. 2009ರಲ್ಲಿ ಸುಪ್ರೀಂ ಕೋರ್ಟ್ ನಿರ್ಲಕ್ಷ್ಯ ಎಂದು ಹೇಳಿತು, 2013ರ ಅಕ್ಟೋಬರ್‌ನಲ್ಲಿ ಸುಮಾರು 6 ಕೋಟಿ ರೂಪಾಯಿ ಪರಿಹಾರ, ಅದಕ್ಕೆ ಬಡ್ಡಿ. ಹದಿನೈದು ವರ್ಷ ಹಿಡಿಯಿತು. ವೈದ್ಯಕೀಯ ಗೊತ್ತಿದ್ದವರಿಗೇ ಇಷ್ಟು.

ಎಲ್ಲಾ ಅಡ್ಡಪರಿಣಾಮವನ್ನೂ ಡಾಕ್ಟರು ಹೇಳಲೇಬೇಕಾ? ಇಲ್ಲ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಹಾಕಿತು. ಅದು ಆಪರೇಷನ್ನಿನ ಕೇಸು. ಒಪ್ಪಿಗೆ ಕೇಳುವಾಗ ಮುಖ್ಯವಾದ ಅಪಾಯಗಳನ್ನು ಹೇಳಬೇಕು, ಲಕ್ಷಕ್ಕೊಬ್ಬರಿಗೆ ಆಗಬಹುದಾದದ್ದನ್ನೆಲ್ಲ ಹೇಳಬೇಕಿಲ್ಲ ಎಂದಿತು. ಹೃದಯ ದುರ್ಬಲ ಇರುವ ವಯಸ್ಸಾದವರಿಗೆ ಪಿಯೋಗ್ಲಿಟಾಜೋನ್ ಬರೆಯುವಾಗ ಕಾಲು ಊದಿದರೆ ಬಂದು ತೋರಿಸಿ ಎನ್ನುವುದು ಮುಖ್ಯವಾದ ಮಾತು ಎಂದೇ ನಾನು ನಂಬುತ್ತೇನೆ. ಹೇಳಲು ಹತ್ತು ಸೆಕೆಂಡು ಸಾಕು.

ಕೇಸ್ ಹಾಕುವುದು ಕಷ್ಟವಲ್ಲ, ಸಾಬೀತು ಮಾಡುವುದು ಕಷ್ಟ. ನಮ್ಮ ಶಾಂತಿನಗರದ ಬಿಎಂಟಿಸಿ ಕಟ್ಟಡದಲ್ಲಿ ಜಿಲ್ಲಾ ಗ್ರಾಹಕ ಆಯೋಗ ಇದೆ. ಆನ್‌ಲೈನಿನಲ್ಲೂ ದೂರು ಕೊಡಬಹುದು. ಯಾವ ಆಯೋಗಕ್ಕೆ ಹೋಗಬೇಕು ಎನ್ನುವುದು ಕೇಳುವ ಪರಿಹಾರದ ಮೇಲಲ್ಲ, ಕೊಟ್ಟ ದುಡ್ಡಿನ ಮೇಲೆ ತೀರ್ಮಾನವಾಗುತ್ತದೆ. 50 ಲಕ್ಷದವರೆಗೆ ಜಿಲ್ಲೆಯಲ್ಲೇ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಫೀಸು ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ನಾವು ವಾಸ ಇರುವ ಊರಿನಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲೇ ಇರಲಿ. ಒಂದೇ ತೊಂದರೆ ಆದವರು ಹಲವರಿದ್ದರೆ ಆಯೋಗದ ಅನುಮತಿ ಪಡೆದು ಒಟ್ಟಿಗೆ ಹೋಗಬಹುದು. ಏನಾದರೂ ಅನುಮಾನ ಇದ್ದರೆ 1915ಕ್ಕೆ ಫೋನ್ ಮಾಡಿ.

ಎರಡು ವರ್ಷದೊಳಗೆ ದೂರು ಕೊಡಬೇಕು ಎನ್ನುವುದನ್ನು ಮಾತ್ರ ಮರೆಯಬಾರದು. ಹಾನಿ ಒಳಗೊಳಗೇ ಇದ್ದು ತಡವಾಗಿ ಗೊತ್ತಾದರೆ ಗೊತ್ತಾದ ದಿನದಿಂದ ಲೆಕ್ಕ ಹಾಕಬಹುದು. ಆದರೆ ನೋವು ಇದ್ದೂ ವರ್ಷಗಟ್ಟಲೆ ಸುಮ್ಮನಿದ್ದವರ ಮೇಲೆ ಕೋರ್ಟು ಕರುಣೆ ತೋರಿಸುವುದು ಕಡಿಮೆ.

ಸಾಬೀತು ಮಾಡಬೇಕಾದ್ದು ಎರಡು. ಈ ಔಷಧಿಯಿಂದ ಈ ತೊಂದರೆ ಆಗುತ್ತದೆ ಎನ್ನುವುದು ಒಂದು. ನನಗೆ ಆಗಿದ್ದು ಇದರಿಂದಲೇ ಎನ್ನುವುದು ಇನ್ನೊಂದು. ಹೆಚ್ಚಿನ ಕೇಸುಗಳು ಮುಗ್ಗರಿಸುವುದು ಎರಡನೆಯದರಲ್ಲಿ. ಬೀಡಿ ಸೇದುವವರಿಗೆ ಮೂತ್ರಕೋಶದ ಕ್ಯಾನ್ಸರ್ ಬಂದರೆ ಮಾತ್ರೆಯನ್ನು ದೂರುವುದು ಹೇಗೆ? ಆ ಕ್ಯಾನ್ಸರ್ ವಿಷಯದಲ್ಲಿ ತಜ್ಞರಲ್ಲೇ ಇವತ್ತಿಗೂ ಒಮ್ಮತ ಇಲ್ಲ. ಊತದ ವಿಷಯ ಸ್ವಲ್ಪ ಸುಲಭ. ಮಾತ್ರೆ ಶುರುವಾದ ಮೇಲೆ ಬಂತು, ನಿಲ್ಲಿಸಿದ ಮೇಲೆ ಹೋಯಿತು. ನಿಲ್ಲಿಸಿದಾಗ ಹೋಗುವುದನ್ನು ಡಾಕ್ಟರುಗಳೂ ಬಲವಾದ ಸುಳಿವು ಎಂದು ಒಪ್ಪುತ್ತಾರೆ. ಆದರೆ ಯಾವ ದಿನ ಶುರು, ಯಾವ ದಿನ ನಿಂತಿತು ಎನ್ನುವುದಕ್ಕೆ ಕಾಗದ ಬೇಕು. ಹಳೆಯ ಚೀಟಿ, ಬಿಲ್ಲು, ಲ್ಯಾಬ್ ರಿಪೋರ್ಟು. ಆಸ್ಪತ್ರೆಗೆ ಸೇರಿದ್ದರೆ ಕೇಸ್ ಶೀಟಿನ ಪ್ರತಿ ಕೇಳಿದ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮ ಇದೆ. ಮೂರು ವರ್ಷ ಮಾತ್ರ ಇಟ್ಟುಕೊಳ್ಳಬೇಕೆಂದಿರುವುದರಿಂದ ಬೇಗ ಕೇಳುವುದು ಒಳ್ಳೆಯದು.

ದೊಡ್ಡಪ್ಪ ಕೊನೆಗೆ ಕೇಸ್ ಬೇಡ ಎಂದರು. ಊತ ಇಳಿದಿತ್ತು, ಶಾಶ್ವತ ಹಾನಿ ಆಗಿರಲಿಲ್ಲ. "ನಂಗೆ ದುಡ್ಡು ಬೇಡ. ಇನ್ನೊಬ್ಬರಿಗೆ ಹಿಂಗಾಗಬಾರದು, ಅದಕ್ಕೇನು ಮಾಡ್ಬೇಕು ಹೇಳು" ಎಂದರು. ಅದಕ್ಕೂ ಒಂದು ದಾರಿ ಇದೆ, ಅದು ಬಹಳ ಜನರಿಗೆ ಗೊತ್ತಿಲ್ಲ. ಔಷಧಿಗಳ ಅಡ್ಡಪರಿಣಾಮವನ್ನು ದೇಶದ ಎಲ್ಲೆಡೆಯಿಂದ ಸಂಗ್ರಹಿಸುವ ಕಾರ್ಯಕ್ರಮ 2010ರಿಂದ ನಡೆಯುತ್ತಿದೆ. ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಅದನ್ನು ನೋಡಿಕೊಳ್ಳುತ್ತದೆ. ಬೆಂಗಳೂರಿನ ಹಲವು ಮೆಡಿಕಲ್ ಕಾಲೇಜುಗಳಲ್ಲಿ ಅದರ ಕೇಂದ್ರಗಳಿವೆ. ಡಾಕ್ಟರೇ ಹೇಳಬೇಕೆಂದಿಲ್ಲ, ರೋಗಿಯೂ ಹೇಳಬಹುದು. 1800-180-3024 ಉಚಿತ ಕರೆ. ರೋಗಿಗಳಿಗೆಂದೇ ಬೇರೆ ನಮೂನೆ ಇದೆ. ಇದು ದೂರಲ್ಲ, ಇದರಿಂದ ಪರಿಹಾರ ಸಿಗುವುದಿಲ್ಲ. ಆದರೆ ಹೊಸ ಎಚ್ಚರಿಕೆ ಹಾಕಬೇಕೋ ಬೇಡವೋ ಎನ್ನುವುದು ಇಂಥ ವರದಿಗಳು ಸೇರಿ ಸೇರಿಯೇ ತೀರ್ಮಾನವಾಗುತ್ತದೆ. ಮುಂದೆ ಯಾವತ್ತೋ ಒಬ್ಬರು ಕೋರ್ಟಿಗೆ ಹೋದಾಗ "ನಿಮಗೆ ಗೊತ್ತಿತ್ತಾ?" ಎಂಬ ಪ್ರಶ್ನೆಗೆ ಉತ್ತರವೂ ಇಲ್ಲೇ ಇರುತ್ತದೆ.

ಒಂದು ಭಾನುವಾರ ಊಟದ ಟೇಬಲ್ ಮೇಲೆ ನಮೂನೆ ಇಟ್ಟುಕೊಂಡು ಕೂತೆವು. ಹೆಸರು, ವಯಸ್ಸು, ಏನಾಯಿತು, ಯಾವಾಗ ಎಲ್ಲಾ ಬರೆದೆವು. ಮಾತ್ರೆಯ ವಿವರಕ್ಕೆ ಬಂದಾಗ ದೊಡ್ಡಪ್ಪ ಡಬ್ಬ ಬೋರಲು ಹಾಕಿದರು. ಹಳೆಯ ಮಾತ್ರೆಯ ನಾಲ್ಕು ತುಂಡು ಸಿಕ್ಕವು. ಕನ್ನಡಕ ಹಾಕಿಕೊಂಡು ಅವನ್ನು ಪಕ್ಕಪಕ್ಕ ಜೋಡಿಸಿದರು. ಒಂದರಲ್ಲಿ ಅರ್ಧ ಹೆಸರು, ಇನ್ನೊಂದರಲ್ಲಿ ಬೆಲೆ. ಬ್ಯಾಚ್ ನಂಬರ್, ಮುಗಿಯುವ ದಿನಾಂಕ ಯಾವುದರಲ್ಲೂ ಇರಲಿಲ್ಲ.

ಮಾರನೆಯ ದಿನ ಇಬ್ಬರೂ ಮೆಡಿಕಲ್ ಶಾಪಿಗೆ ಹೋದೆವು. ಅಂಗಡಿಯ ಹುಡುಗ ಫೋನ್ ನಂಬರ್ ಕೇಳಿ, ಕಂಪ್ಯೂಟರಿನಲ್ಲಿ ಹುಡುಕಿ, ಹೋದ ವರ್ಷದ ಬಿಲ್ಲುಗಳನ್ನು ಒಂದೊಂದಾಗಿ ತೆಗೆದುಕೊಟ್ಟ. ಒಟ್ಟು ಏಳು. ಎಲ್ಲದರಲ್ಲೂ ಬ್ಯಾಚ್ ನಂಬರ್ ಇತ್ತು. ದೊಡ್ಡಪ್ಪ ಕೌಂಟರಿನ ಮೇಲೇ ನಮೂನೆ ಹರಡಿ, ಪೆನ್ನು ಕೇಳಿ ಇಸಿದುಕೊಂಡು, ಒಂದೊಂದೇ ಅಂಕಿ ಓದಿಸಿಕೊಂಡು ಬರೆದರು.